ನಾಟಕಕ್ಕೆ ಹೊರಡುವ ಮುನ್ನ ಸರ್ವರ್‌ಗೆ ಮಾಡಬೇಕಾದ ವ್ಯವಸ್ಥೆ

ಬಳ್ಳಾರಿಯಲ್ಲಿ ಒಂದು ಕಚೇರಿಯ ಸರ್ವರ್‌ಗಳನ್ನು ಒಬ್ಬರೇ ನೋಡಿಕೊಳ್ಳುವವರಿಗೆ ನಾಟಕದ ಆಸೆಯೂ ಇದ್ದರೆ, ಅವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇವತ್ತು ನೋಡಹೊರಟಿರುವುದು ಎಂಥ ನಾಟಕ ಎಂಬುದು. ರಾಘವ ಕಲಾಮಂದಿರದ ಪ್ರಯೋಗವಾದರೆ ಎರಡು, ಎರಡೂವರೆ ಗಂಟೆಯ ಮಾತು. ಜಾತ್ರೆಯಲ್ಲಿ ಡೇರೆ ಹಾಕಿದ ಕಂಪನಿಯ ನಾಟಕವಾದರೆ ಮನೆ ಸೇರುವಾಗ ನಡುರಾತ್ರಿ ದಾಟಿರುತ್ತದೆ. ಹಳ್ಳಿಯ ಬಯಲಾಟಕ್ಕೆ ಹೋದರೆ ಬೆಳಗಾಗುವವರೆಗೆ ಕೂರಬೇಕು, ಅಲ್ಲಿ ಮೊಬೈಲ್ ಸಿಗ್ನಲ್ಲನ್ನು ನಂಬುವಂತಿಲ್ಲ. ನೀವು ಎಷ್ಟು ಗಂಟೆ ದೂರವಿರುತ್ತೀರೋ ಅಷ್ಟು ಗಂಟೆ ಸರ್ವರ್ ತನ್ನಷ್ಟಕ್ಕೆ ತಾನು ನಡೆಯುತ್ತದೆಯೇ ಎಂದು ಸಂಜೆಯೇ ಲೆಕ್ಕ ಹಾಕಬೇಕು.

ಈ ಲೆಕ್ಕವನ್ನು ಡಿಸ್ಕ್‌ನಿಂದ ಆರಂಭಿಸುವುದು ಒಳ್ಳೆಯದು. ಲಿನಕ್ಸ್ ಯಂತ್ರದಲ್ಲಿ ಡಿಸ್ಕ್ ಎಷ್ಟು ತುಂಬಿದೆ ಎಂದು ತೋರಿಸುವ 'ಡಿಎಫ್' ಆದೇಶ ಕೊಟ್ಟು ಶೇಕಡಾ 88 ತುಂಬಿದೆ ಎಂದು ಕಂಡುಕೊಂಡರೆ ಅರ್ಧ ವಿಷಯವಷ್ಟೇ ತಿಳಿದಂತೆ. ಅದು ಯಾವ ವೇಗದಲ್ಲಿ ತುಂಬುತ್ತಿದೆ ಎಂಬುದೇ ಮುಖ್ಯ. ಸಂಜೆ ನಾಲ್ಕಕ್ಕೆ ಒಮ್ಮೆ, ಐದಕ್ಕೆ ಮತ್ತೊಮ್ಮೆ ಅಂಕಿಗಳನ್ನು ಬರೆದಿಟ್ಟುಕೊಳ್ಳಿ. 500 ಜಿಬಿ ಡಿಸ್ಕ್‌ನಲ್ಲಿ 60 ಜಿಬಿ ಉಳಿದಿದ್ದು, ಗಂಟೆಗೆ 10 ಜಿಬಿಯಂತೆ ಏರುತ್ತಿದ್ದರೆ ಆರು ಗಂಟೆಯಲ್ಲಿ ಜಾಗ ಮುಗಿಯುತ್ತದೆ, ಅಂದರೆ ಬಯಲಾಟದಲ್ಲಿ ಮುಖ್ಯ ವೇಷ ರಂಗಕ್ಕೆ ಬರುವ ಹೊತ್ತಿಗೆ. ಅದೇ 60 ಜಿಬಿ ದಿನಕ್ಕೆ ಒಂದು ಜಿಬಿಯಂತೆ ಕರಗುತ್ತಿದ್ದರೆ ನಿಶ್ಚಿಂತೆಯಿಂದ ಹೊರಡಬಹುದು. ರಾತ್ರಿ ಹನ್ನೊಂದಕ್ಕೆ ಶುರುವಾಗುವ ಬ್ಯಾಕಪ್‌ಗೆ ಎಷ್ಟು ಜಾಗ ಬೇಕು ಎಂಬುದನ್ನೂ ಇದಕ್ಕೆ ಕೂಡಿಸಿಕೊಳ್ಳಿ. ಜಾಗವಿದ್ದರೂ, ಪ್ರತಿ ಫೈಲಿಗೂ ಒಂದು ಬೇಕಾಗುವ ಐನೋಡ್ ಎಂಬ ದಾಖಲೆಗಳು ಮುಗಿದುಹೋದರೆ ಹೊಸ ಫೈಲ್ ಹುಟ್ಟುವುದಿಲ್ಲವಾದ್ದರಿಂದ 'ಡಿಎಫ್ ಹೈಫನ್ ಐ' ಎಂದೂ ಒಮ್ಮೆ ನೋಡಿರಿ.

ಹೊರಡುವ ಅವಸರದಲ್ಲಿ ಮಾಡುವ ತಪ್ಪೊಂದನ್ನು ಇಲ್ಲಿ ವಿವರವಾಗಿ ಹೇಳಬೇಕು, ಏಕೆಂದರೆ ನಾನೇ ಅದನ್ನು ಮಾಡಿದ್ದೇನೆ. ಒಂದು ಸಂಜೆ 40 ಜಿಬಿಯಷ್ಟು ಬೆಳೆದಿದ್ದ ಲಾಗ್ ಫೈಲನ್ನು, ಅಂದರೆ ಪ್ರೋಗ್ರಾಮು ತನ್ನ ಆಗುಹೋಗುಗಳನ್ನು ಬರೆದಿಡುವ ಫೈಲನ್ನು, ಅಳಿಸಿ, ಜಾಗ ತೆರವಾಯಿತೆಂದು ನಂಬಿ ಎದ್ದುಬಿಟ್ಟೆ. ಫೈಲಿನ ಹೆಸರು ಹೋಗಿತ್ತು, ಜಾಗ ಮಾತ್ರ ಮರಳಿರಲಿಲ್ಲ. ಆ ಫೈಲಿಗೆ ಬರೆಯುತ್ತಿದ್ದ ಪ್ರೋಗ್ರಾಮು ಅದನ್ನು ತೆರೆದೇ ಇಟ್ಟುಕೊಂಡಿದ್ದರೆ ಲಿನಕ್ಸ್ ಜಾಗವನ್ನು ಬಿಟ್ಟುಕೊಡುವುದಿಲ್ಲ. ಎರಡನೆಯ ಅಂಕ ಶುರುವಾಗುವಷ್ಟರಲ್ಲಿ ಕರೆ ಬಂತು: "ಸಾರ್, ಬಿಲ್ ಆಗವಲ್ದು ನೋಡ್ರಿ." ಆದ್ದರಿಂದ ಬಳಕೆಯಲ್ಲಿರುವ ಲಾಗನ್ನು ಅಳಿಸುವ ಬದಲು 'ಟ್ರಂಕೇಟ್' ಆದೇಶದಿಂದ ಬರಿದು ಮಾಡಬೇಕು. ಈಗಾಗಲೇ ಅಳಿಸಿದ್ದರೆ 'ಎಲ್‌ಎಸ್‌ಓಎಫ್' ಮೂಲಕ ಅದನ್ನು ಹಿಡಿದಿರುವ ಪ್ರೋಗ್ರಾಮು ಯಾವುದೆಂದು ಹುಡುಕಿ, ಆ ಒಂದು ಸೇವೆಯನ್ನಷ್ಟೇ ರೀಸ್ಟಾರ್ಟ್ ಮಾಡಬೇಕು. ಮತ್ತೆ 'ಡಿಎಫ್' ಕೊಟ್ಟು ಅಂಕಿ ಇಳಿದದ್ದನ್ನು ಕಣ್ಣಾರೆ ಕಂಡ ಮೇಲೆಯೇ ಕುರ್ಚಿ ಬಿಡಬೇಕು.

ನಮ್ಮ ಕಡೆಯ ಬೇಸಿಗೆಗೆ ಬೇರೆಯದೇ ಎಚ್ಚರ ಬೇಕು. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಳ್ಳಾರಿಯ ಬಿಸಿಲು 40 ಡಿಗ್ರಿ ದಾಟುತ್ತದೆ, ಸರ್ವರ್ ಕೋಣೆಯಾದರೋ 18ರಿಂದ 27 ಡಿಗ್ರಿಯ ನಡುವೆ ಇರಬೇಕು. ಅನೇಕ ಕಚೇರಿಗಳಲ್ಲಿ ಸರ್ವರ್‌ಗಳು ಯುಪಿಎಸ್ ಮೇಲಿರುತ್ತವೆ, ಎಸಿ ನೇರ ಕರೆಂಟಿನ ಮೇಲಿರುತ್ತದೆ. ಕರೆಂಟು ಹೋದಾಗ ಯಂತ್ರಗಳು ಓಡುತ್ತಲೇ ಇರುತ್ತವೆ, ತಂಪು ನಿಂತುಹೋಗುತ್ತದೆ, ಮುಚ್ಚಿದ ಕೋಣೆ ಬೇಗ ಕಾಯುತ್ತದೆ. ಕರೆಂಟು ಬಂದ ಮೇಲೆ ಎಸಿ ತಾನಾಗಿ ಚಾಲೂ ಆಗುತ್ತದೆಯೇ ಎಂಬುದನ್ನು ಹಗಲಿನಲ್ಲೇ ಪರೀಕ್ಷಿಸಿ. ಆಗದಿದ್ದರೆ ಯಾವ ಗುಂಡಿ ಒತ್ತಬೇಕೆಂದು ರಾತ್ರಿಯ ಕಾವಲುಗಾರರಿಗೆ ತೋರಿಸಿಕೊಡಿ. ಯುಪಿಎಸ್ ಬ್ಯಾಟರಿ ತಗ್ಗಿದಾಗ ಸರ್ವರ್‌ಗಳು ಕ್ರಮವಾಗಿ ತಾವೇ ಮುಚ್ಚಿಕೊಳ್ಳುವ ವ್ಯವಸ್ಥೆಯನ್ನೂ ಮಾಡಿಡಬೇಕು, ಡೇಟಾಬೇಸ್ ಅರ್ಧ ಬರಹದಲ್ಲಿ ಬಿದ್ದರೆ ಆಗುವ ನಷ್ಟ ದೊಡ್ಡದು.

ಇನ್ನು ಫೋನಿನ ವಿಷಯ. ಎಲ್ಲ ಎಚ್ಚರಿಕೆಗಳೂ ಒಂದೇ ಸದ್ದಿನಲ್ಲಿ ಬಂದರೆ ನಾಟಕವೂ ಕೆಡುತ್ತದೆ, ಕೆಲಸವೂ ಕೆಡುತ್ತದೆ. ಸೇವೆ ನಿಂತದ್ದು, ರೇಯ್ಡ್‌ನ (ಹಲವು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸಿದ ವ್ಯವಸ್ಥೆಯ) ಡಿಸ್ಕ್ ಕೆಟ್ಟದ್ದು, ಕೋಣೆ ಕಾದದ್ದು ಇವು ಮೂರಕ್ಕೆ ಮಾತ್ರ ಕಂಪನ ಇರಲಿ, ಉಳಿದವು ಬೆಳಿಗ್ಗೆಯವರೆಗೆ ಕಾಯಲಿ. ಕಲಾಮಂದಿರದಲ್ಲಿ ಸಾಲಿನ ತುದಿಯ ಕುರ್ಚಿ ಹಿಡಿದರೆ ಯಾರ ಕಾಲನ್ನೂ ತುಳಿಯದೆ ಹೊರಬರಬಹುದು. ಆ ಮಂದಿರಕ್ಕೆ ಹೆಸರಾದ ಬಳ್ಳಾರಿ ರಾಘವರು (1880–1946) ವಕೀಲಿ ವೃತ್ತಿಯನ್ನೂ ನಟನೆಯನ್ನೂ ಒಟ್ಟಿಗೆ ನಡೆಸಿದವರು. ದುಡಿಮೆ ಮುಗಿಸಿ ಅಲ್ಲಿಗೆ ಹೋದಾಗಲೆಲ್ಲ ನನಗೆ ಅದು ನೆನಪಾಗುತ್ತದೆ. ಬಯಲಾಟದ ರಾತ್ರಿಯಾದರೆ ಈ ಏರ್ಪಾಟು ಸಾಲದು, ಜವಾಬ್ದಾರಿಯನ್ನು ಸಹೋದ್ಯೋಗಿಯೊಬ್ಬರಿಗೆ ಬರಹದಲ್ಲಿ ವಹಿಸಿಯೇ ಹೋಗಬೇಕು.

ನಡುವೆ ಕರೆ ಬಂದರೆ ಒಬ್ಬರಿಗೆ ತೊಂದರೆಯೋ ಎಲ್ಲರಿಗೂ ತೊಂದರೆಯೋ, ಯಾವಾಗಿನಿಂದ, ಸಂಜೆ ಯಾರಾದರೂ ಏನಾದರೂ ಬದಲಿಸಿದರೇ ಎಂದು ಕೇಳಿ. ಒಬ್ಬರಿಗೆ ಮಾತ್ರವಾದರೆ ದೋಷ ಬಹುತೇಕ ಅವರ ಕೇಬಲ್ಲಿನಲ್ಲೋ ಪಾಸ್‌ವರ್ಡಿನಲ್ಲೋ ಇರುತ್ತದೆ. ಎಲ್ಲರಿಗೂ ಆದರೆ ಸರ್ವರ್ ಪಿಂಗ್‌ಗೆ (ಯಂತ್ರ ಸಿಗುತ್ತಿದೆಯೇ ಎಂದು ಕೇಳುವ ಪುಟ್ಟ ಸಂದೇಶಕ್ಕೆ) ಉತ್ತರಿಸುತ್ತದೆಯೇ, ಹೆಸರಿಗೆ ಉತ್ತರಿಸದೆ ಐಪಿ ವಿಳಾಸಕ್ಕೆ ಮಾತ್ರ ಉತ್ತರಿಸುತ್ತದೆಯೇ ಎಂದು ನೋಡಿ. ಐಪಿಗೆ ಮಾತ್ರ ಉತ್ತರಿಸಿದರೆ ಹುಡುಕಬೇಕಾದ್ದು ಹೆಸರಿಗೆ ತಕ್ಕ ಐಪಿ ವಿಳಾಸವನ್ನು ಹೇಳುವ ಡಿಎನ್‌ಎಸ್‌ನಲ್ಲಿ. "ಆಫ್ ಮಾಡಿ ಆನ್ ಮಾಡ್ಲಾ?" ಎಂದು ಅತ್ತಲಿನವರು ಕೇಳಿದರೆ ಕೂಡಲೇ ಒಪ್ಪಬೇಡಿ. ಲಿನಕ್ಸ್ ತನ್ನ ಆಗುಹೋಗುಗಳನ್ನು ದಾಖಲಿಸುವ ಜರ್ನಲ್ ಲಾಗ್ ಡಿಸ್ಕ್ ಮೇಲೆ ಉಳಿಯುವಂತೆ ಹೊಂದಿಸದ ಯಂತ್ರಗಳಲ್ಲಿ ಅದು ಮೆಮೊರಿಯಲ್ಲಷ್ಟೇ ಇರುತ್ತದೆ, ರೀಸ್ಟಾರ್ಟ್ ಮಾಡಿದೊಡನೆ ದೋಷದ ಸಾಕ್ಷಿಯೆಲ್ಲ ಅಳಿಸಿಹೋಗುತ್ತದೆ. ಮೊದಲು ಲಾಗನ್ನು ಒಂದು ಫೈಲಿಗೆ ಉಳಿಸಿಕೊಂಡು, ಆಮೇಲೆ ನಿಂತ ಸೇವೆಯನ್ನಷ್ಟೇ ಎಬ್ಬಿಸಿ. ಆದ ಸಮಯವನ್ನೂ ಮಾಡಿದ ಕೆಲಸವನ್ನೂ ಟಿಕೆಟಿನ ಹಿಂಬದಿಯಲ್ಲಾದರೂ ಬರೆದಿಟ್ಟುಕೊಂಡು, ದೃಶ್ಯ ಬದಲಾಗುವಾಗ ಒಳಗೆ ಹೋಗಿ ಕುಳಿತುಕೊಳ್ಳಿ.