ಎರಡೇ ಓಟ ಓಡಿದ ಕುದುರೆ ಇನ್ನೂ ಸುಧಾರಿಸುತ್ತದಾ?

ಬೆಂಗಳೂರಿನ ಚಳಿಗಾಲದ ರೇಸ್‌ಗಳಲ್ಲಿ ಇಂಥ ಕುದುರೆ ಒಂದಲ್ಲ ಒಂದು ಇದ್ದೇ ಇರುತ್ತದೆ. ವಯಸ್ಸು ಮೂರು, ಓಡಿದ್ದು ಎರಡೇ ಸಲ, ಎರಡನೆಯದರಲ್ಲಿ ನಾಲ್ಕು ಲೆಂತ್ (ಒಂದು ಲೆಂತ್ ಅಂದರೆ ಒಂದು ಕುದುರೆಯಷ್ಟು ಉದ್ದ) ಗೆಲುವು. ಮುಂದಿನ ಸಲ ಅದೇ ಫೇವರಿಟ್, ಅಂದರೆ ಜನ ಹೆಚ್ಚು ಹಣ ಕಟ್ಟುವ ಕುದುರೆ. ಆದರೆ ಹಿಂದಿನವು ಸುಸ್ತಾಗಿ ನಿಂತರೂ ನಾಲ್ಕು ಲೆಂತ್ ಅಂತರ ಬರುತ್ತದೆ, ಅಲ್ವಾ? ಅಂತರ ಬಿಟ್ಟು ಬೇರೆಯದನ್ನು ನೋಡೋಣ.

ಮೊದಲು ಹುಟ್ಟಿದ ತಾರೀಕು. ನಮ್ಮಲ್ಲಿ ಜನವರಿ 1 ಬಂದರೆ ಎಲ್ಲ ರೇಸ್ ಕುದುರೆಗಳಿಗೂ ಲೆಕ್ಕದಲ್ಲಿ ಒಂದು ವರ್ಷ ಕೂಡುತ್ತದೆ. ಜನವರಿಯಲ್ಲಿ ಹುಟ್ಟಿದ್ದೂ ಮೇ ತಿಂಗಳಲ್ಲಿ ಹುಟ್ಟಿದ್ದೂ ಒಂದೇ ವಯಸ್ಸು! ಎರಡು, ಮೂರು ವರ್ಷದಲ್ಲಿ ಈ ನಾಲ್ಕು ತಿಂಗಳು ದೊಡ್ಡದು. ತಡವಾಗಿ ಹುಟ್ಟಿದ್ದು ಸ್ವಲ್ಪದರಲ್ಲಿ ಸೋತಿದ್ದರೆ ಅದಕ್ಕೆ ಬೆಳೆಯಲು ಇನ್ನೂ ಜಾಗವಿದೆ.

ಆಮೇಲೆ ಓಟಕ್ಕೆ ಮುಂಚೆ ಕುದುರೆಗಳನ್ನು ನಡೆಸಿ ತೋರಿಸುವ ಪ್ಯಾಡಾಕ್ ಹತ್ತಿರ ಹೋಗಿ ಮೈಕಟ್ಟು ನೋಡಿ. ಮೊಣಕಾಲಿನ ಮೂಳೆ ಸುಮಾರು ಎರಡೂವರೆ ವರ್ಷಕ್ಕೆ ಬಲಿಯುತ್ತದೆ. ಬೆನ್ನುಮೂಳೆ ಬಲಿಯಲು ಐದು ವರ್ಷವಾದರೂ ಬೇಕು. ಕಾಲು ಉದ್ದ, ಮೈ ತುಂಬಿಲ್ಲ, ಹಿಂಭಾಗ ಹೆಗಲಿಗಿಂತ ಎತ್ತರ ಅಂದರೆ ಇನ್ನೂ ಎಳಸು. ಈಗಲೇ ಗಟ್ಟಿಯಾಗಿ ತುಂಬಿಕೊಂಡ ಕುದುರೆ ಇವತ್ತು ಚೆಂದ, ಮುಂದೆ ಹೊಸದಾಗಿ ಕೊಡುವುದು ಕಡಿಮೆ. ಒಡಹುಟ್ಟಿದವು ಯಾವ ವಯಸ್ಸಿಗೆ, ಎಷ್ಟು ದೂರದಲ್ಲಿ ಗೆದ್ದವು ಅನ್ನುವುದನ್ನೂ ನೋಡಿಕೊಳ್ಳಿ.

ಈಗ ಮುಖ್ಯ ಕೆಲಸ, ವಿಡಿಯೊ. ಗೆದ್ದವನನ್ನು ಬಿಡಿ, ನಿಮ್ಮ ಕುದುರೆಯ ಮೇಲೇ ಕಣ್ಣಿಡಿ. ಗೇಟ್‌ನಿಂದ ತಡವಾಗಿ ಎದ್ದಿತಾ? ತಿರುವಿನಲ್ಲಿ ಹೊರಗೆ ವಾಲಿತಾ? ಕೊನೆಯ 200 ಮೀಟರ್‌ನಲ್ಲಿ ಅತ್ತಿತ್ತ ನೋಡುತ್ತಾ ಓಡಿತಾ? ಇವೆಲ್ಲ ಅನುಭವ ಸಾಲದ ತಪ್ಪುಗಳು, ಓಡಿದಂತೆ ಹೋಗುತ್ತವೆ. ಇಷ್ಟೆಲ್ಲ ಆಗಿಯೂ ಕೊನೆಯಲ್ಲಿ ಮುಂದಿನವುಗಳನ್ನು ಹತ್ತಿರ ಮಾಡಿಕೊಂಡಿದ್ದರೆ, ಗುರಿ ದಾಟಿದ ಮೇಲೂ ಸರಾಗವಾಗಿ ಹೋಗುತ್ತಿದ್ದರೆ, ಆ ಹೆಸರು ಬರೆದಿಟ್ಟುಕೊಳ್ಳಿ. ಒಳ್ಳೆ ಸ್ಟಾರ್ಟ್, ಒಳಬದಿಯ ಬೇಲಿ (ರೇಲ್) ಪಕ್ಕದ ಹತ್ತಿರದ ದಾರಿ, ಅಡ್ಡಿಯೇ ಇಲ್ಲ, ಆದರೂ ಜಾಕಿ ಚಾಟಿ ಬೀಸಿ ಬೀಸಿ ಗೆಲ್ಲಿಸಿದ್ದರೆ? ಅದು ತನ್ನಲ್ಲಿದ್ದದ್ದನ್ನೆಲ್ಲ ತೋರಿಸಿಯಾಗಿದೆ ಅನ್ನುವುದು ನನ್ನ ಲೆಕ್ಕ.

ಟೈಮ್ ಹೋಲಿಸುವುದಾದರೆ ಅದೇ ದಿನ ಅದೇ ದೂರದ ಇನ್ನೊಂದು ರೇಸ್ ಜೊತೆ ಹೋಲಿಸಿ. ಮಳೆ ಬಿದ್ದರೆ ಟ್ರ್ಯಾಕೇ ಬೇರೆ. ಪೇಪರ್‌ನಲ್ಲಿ ಬರುವ ಬೆಳಗಿನ ಟ್ರ್ಯಾಕ್ ವರ್ಕ್ (ಅಭ್ಯಾಸದ ಓಟ) ಟೈಮನ್ನು ಸುಮ್ನೆ ನಂಬಬೇಡಿ, ಎಷ್ಟು ಬಿಗಿ ಹಿಡಿದು ಓಡಿಸಿದರು ಅನ್ನುವುದು ಅಂಕಿಯಲ್ಲಿ ಕಾಣುವುದಿಲ್ಲ.

ಇಷ್ಟು ಕಡಿಮೆ ಓಡಿದ್ದು ಏಕೆ ಅಂತಲೂ ಕೇಳಿ. ಟ್ರೈನರ್ ಬೇಕಂತಲೇ ಕಾದಿದ್ದರೆ ಒಳ್ಳೆಯದು. ಮುಂಗಾಲಿನ ಕೆಳಮೂಳೆಯ ನೋವು ಎಳೆಯ ಕುದುರೆಗಳಲ್ಲಿ ಸಾಮಾನ್ಯ, ವಿಶ್ರಾಂತಿ ಕೊಟ್ಟರೆ ಹೋಗುತ್ತದೆ. ಸ್ನಾಯುರಜ್ಜುವಿನ (ಟೆಂಡನ್) ಪೆಟ್ಟಾದರೆ ಮರುಕಳಿಸುವ ಭಯ ಇದ್ದೇ ಇದೆ.

ಕೊನೆಗೆ ರೇಟಿಂಗ್. ಅಂದರೆ ಕುದುರೆಯ ಸಾಮರ್ಥ್ಯಕ್ಕೆ ಕೊಡುವ ಪಾಯಿಂಟ್. ಅದು ಏರಿದಂತೆ ಹೊರುವ ತೂಕವೂ ಏರುತ್ತದೆ, ನಮ್ಮಲ್ಲಿ ಒಂದು ಪಾಯಿಂಟ್‌ಗೆ ಅರ್ಧ ಕೆ.ಜಿ. ಗೆದ್ದ ಕುದುರೆಗೆ 12 ಪಾಯಿಂಟ್ ಏರಿತು ಅಂದುಕೊಳ್ಳಿ, ಅದೇ ಎದುರಾಳಿಗಳ ಜೊತೆ 6 ಕೆ.ಜಿ. ಜಾಸ್ತಿ ಹೊರಬೇಕು. ಇಲ್ಲವೇ 20ರಿಂದ 45 ರೇಟಿಂಗ್‌ನ ಗುಂಪು ಬಿಟ್ಟು 40ರಿಂದ 65ಕ್ಕೆ ಹೋಗಬೇಕು. ಸುಧಾರಿಸಿದರೂ ಸೋಲಬಹುದು! ಹಾಗಾಗಿ ಹೊಸ ಗುಂಪಿನ ಮೊದಲ ಓಟದಲ್ಲಿ ಜೇಬಿಗೆ ಕೈ ಹಾಕದೆ ನೋಡಿ. 1200 ಮೀಟರ್‌ನಲ್ಲಿ ಸೋತು ಕೊನೆಯಲ್ಲಿ ವೇಗವಾಗಿ ಮುಂದೆ ಬರುತ್ತಿದ್ದರೆ, 1400 ಅಥವಾ 1600 ಮೀಟರ್ ಓಟದಲ್ಲಿ ಓಡಿಸಿದ ದಿನ ಅದನ್ನು ಮತ್ತೆ ನೋಡಿ.