ಪುಟ್ಟ ನೀಲಿ ಹೋಸ್ಟಾ: ಮರದ ಬುಡದಿಂದ ಕುಂಡಕ್ಕೆ

ಹೋಸ್ಟಾ ಅಂದರೆ ಎಲೆಯ ಅಂದಕ್ಕೆ ನೆರಳಲ್ಲಿ ಬೆಳೆಸುವ ಗಿಡ. ನೆರಳಿನ ತೋಟದಲ್ಲೂ ಅದರ ಪುಟ್ಟ, ನೀಲಿ ಎಲೆಯ ತಳಿಗಳನ್ನು ಕುಂಡದಲ್ಲೇ ಬೆಳೆಸುತ್ತೇನೆ ಅಂದಾಗ ಗೆಳೆಯರು ಯಾರೂ ಒಪ್ಪಲಿಲ್ಲ. ಹೋಸ್ಟಾಗೆ ನೆಲವೇ ಸರಿ ಅಂದರು. ಈಗ ನನ್ನ ‘ಬ್ಲೂ ಮೌಸ್ ಇಯರ್ಸ್’ ಅನ್ನುವ ಪುಟ್ಟ ತಳಿ ಒಂದಡಿಗೂ ಜಾಸ್ತಿ ಅಗಲ ಹರಡಿದೆ. ಎತ್ತರ 8 ಇಂಚು ಇರಬಹುದು. ನೋಡಿದವರು ಮರಿ ಕೇಳದೆ ಹೋಗುವುದಿಲ್ಲ.

ನೆಲದಲ್ಲಿ ಕಾಟ ಕೊಟ್ಟಿದ್ದು ಮೇಪಲ್ ಮರದ ಬೇರು. ಮೊದಲ ವರ್ಷ ಎಲ್ಲ ಚೆನ್ನಾಗಿರುತ್ತದೆ. ಆಮೇಲೆ ನಾವು ಸಡಿಲ ಮಾಡಿ ಗೊಬ್ಬರ ಹಾಕಿದ ಗುಂಡಿಗೇ ಬೇರು ನುಗ್ಗುತ್ತದೆ. ದೊಡ್ಡ ಹೋಸ್ಟಾ ಹೇಗೋ ತಡೆದುಕೊಳ್ಳುತ್ತದೆ. ಪುಟ್ಟದು ಪ್ರತಿ ವಸಂತಕ್ಕೂ ಸಣ್ಣದಾಗುತ್ತಾ ಹೋಗುತ್ತದೆ. ಹೀಗೆ ಹತ್ತು ಹನ್ನೆರಡು ಗಿಡ ಹೋದವು. ಅರ್ಧದಷ್ಟು ಟಿಶ್ಯೂ ಕಲ್ಚರ್ (ಲ್ಯಾಬಿನಲ್ಲಿ ಬೆಳೆಸಿದ) ಎಳೆ ಸಸಿಗಳು, ಅಗ್ಗಕ್ಕೆ ಸಿಕ್ಕಿದ್ದವು. ಅದೇ ದುಡ್ಡಿಗೆ ಮೂರು ನಾಲ್ಕು ಬಲಿತ ಗಿಡ ಬರುತ್ತಿದ್ದವು. ಪುಟ್ಟ ನೀಲಿ ತಳಿ ಕೊಳ್ಳುವುದಾದರೆ ಬಲಿತದ್ದನ್ನೇ ಕೊಳ್ಳಿ.

ಕುಂಡ ಅಗಲವಿರಲಿ, ಆಳ ಬೇಡ. ಸರಿಸುಮಾರು ಎರಡು ಪಾಲು ಪೈನ್ ತೊಗಟೆ ಚೂರು, ಒಂದು ಪಾಲು ಪರ್ಲೈಟ್ (ನೀರು ಬಸಿಯಲು ಹಾಕುವ ಹಗುರ ಬಿಳಿ ಹರಳು), ಒಂದು ಪಾಲು ಕಾಂಪೋಸ್ಟ್. ಇನ್ನೊಂದು ವಸ್ತು ಒಂದು ಹಿಡಿ ಸೇರಿಸುತ್ತೇನೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ. ಕುಂಡವನ್ನು ಇಟ್ಟಿಗೆ ಮೇಲೆ ಇಡಿ. ಮಣ್ಣಿಗೆ ತಾಗಿದರೆ ಮರದ ಬೇರು ತಳದ ತೂತಿನಿಂದಲೇ ಒಳಗೆ ಬರುತ್ತದೆ!

ದಟ್ಟ ನೆರಳಲ್ಲಿ ಬಣ್ಣ ಉಳಿಯುತ್ತದೆ, ಆದರೆ ಬುಡ ತುಂಬಿಕೊಳ್ಳುವುದಿಲ್ಲ. ಬೆಳಗಿನ ಬಿಸಿಲು ಒಂದೆರಡು ಗಂಟೆ ಸಿಕ್ಕ ಮೇಲೇ ನನ್ನವು ದಟ್ಟವಾದವು. ಎಲೆಯ ಮೇಲಿನ ಮೇಣ ಹೋದರೆ ನೀಲಿಯೂ ಹೋಯಿತು ಅಲ್ವಾ? ಅದಕ್ಕೇ ನೀರು ಬುಡಕ್ಕೆ ಮಾತ್ರ. ಸೋಪು, ಎಣ್ಣೆ ಸ್ಪ್ರೇ ಹತ್ತಿರಕ್ಕೂ ತರುವುದಿಲ್ಲ. ಸುಮ್ನೆ ನೋಡೋಣ ಅಂತ ‘ಹ್ಯಾಲ್ಸಿಯನ್’ ಅನ್ನುವ ಇನ್ನೊಂದು ನೀಲಿ ತಳಿಯ ಗಿಡ ಒಂದನ್ನು ಸೂರಿನ ಕೆಳಗೆ, ಇನ್ನೊಂದನ್ನು ಮಳೆಗೆ ಇಟ್ಟೆ. ಮಳೆಯಲ್ಲಿದ್ದದ್ದು ಬೇಸಿಗೆಯ ನಡುವಿಗೇ ಹಸಿರಾಯಿತು. ಸೂರಿನ ಕೆಳಗಿನದು ಬೇಸಿಗೆ ಮುಗಿಯುವವರೆಗೂ ನೀಲಿಯಾಗೇ ಇತ್ತು.

ಚಳಿಗಾಲದಲ್ಲಿ ಎಲ್ಲ ಕುಂಡಗಳೂ ಆ ಸೂರಿನ ಕೆಳಗೇ. ಆಗ ಬುಡ ಒದ್ದೆಯಾಗೇ ಇದ್ದರೆ ಕೊಳೆಯುತ್ತದೆ. ಹಾಗಂತ ಮನೆಯೊಳಗೆ ಬೆಚ್ಚಗೆ ಇಡಬೇಡಿ, ಚಳಿ ಬೇಕೇ ಬೇಕು.

ಮರಿ ಮಾಡುವ ಕೆಲಸ ವಸಂತದಲ್ಲಿ. ಎಲೆ ಬಿಚ್ಚುವಾಗ ಬುಡವನ್ನು ಚಾಕುವಿನಿಂದ ಸೀಳಿ, ಹಾಗೇ ಮಣ್ಣು ಮುಚ್ಚುತ್ತೇನೆ. ಸೀಳಿದ ಕಡೆ ಹೊಸ ಮೊಗ್ಗು ಬರುತ್ತವೆ. ಎಲ್ಲಿ, ಎಷ್ಟು ಆಳ ಅನ್ನುವುದು ಕೈಗೆ ಬರಬೇಕು. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಚಾಕು ಶುಚಿ ಮಾಡಲೇಬೇಕು, ಹೋಸ್ಟಾಗೆ ರೋಗ ತರುವ ‘ಹೋಸ್ಟಾ ವೈರಸ್ ಎಕ್ಸ್’ ಗಿಡದ ರಸದಿಂದಲೇ ಹರಡುತ್ತದೆ. ಈಗ ಹೊಸ ತಳಿಗೆ ದುಡ್ಡು ಕೊಡುವುದು ಅಪರೂಪ. ಮರಿ ಕೊಟ್ಟು ಮರಿ ತರುತ್ತೇನೆ.