ಹಳೇ ಕಾರಿಗೆ ಸಣ್ಣ ಆಕ್ಸಿಡೆಂಟ್ ಆಗಿದೆಯಾ? ಮೊದಲು ರಿಪೇರಿ ಬಿಲ್ ಓದಿ

ಇನ್ಶೂರೆನ್ಸ್ ಕ್ಲೇಮ್‌ಗೆ ಬಂದ ಕಾರುಗಳ ಸರ್ವೆ ಮಾಡುವುದು ನನ್ನ ಕೆಲಸ. ಹುಬ್ಬಳ್ಳಿ, ಹಾವೇರಿ, ದಾವಣಗೆರೆ ಕಡೆಯ ಗ್ಯಾರೇಜುಗಳಲ್ಲಿ, ಬಂಪರ್ ಬಿಚ್ಚಿಟ್ಟ ಕಾರುಗಳ ಪಕ್ಕದಲ್ಲೇ ನನ್ನ ದಿನ ಕಳೆಯುತ್ತದೆ. ಹಾಗಾಗಿ ಹಳೇ ಕಾರು ನೋಡುತ್ತಿರುವ ನೆಂಟರು, ಗೆಳೆಯರು ಫೋನ್ ಮಾಡಿ ಒಂದೇ ಪ್ರಶ್ನೆ ಕೇಳುತ್ತಾರೆ. "ಹಿಸ್ಟರಿಯಲ್ಲಿ ಒಂದು ಸಣ್ಣ ಆಕ್ಸಿಡೆಂಟ್ ತೋರಿಸ್ತಿದೆ. ತಗೊಳ್ಳಲಾ, ಬಿಡಲಾ?"

ಬಿಲ್ ತರಿಸಿ, ಆಮೇಲೆ ಹೇಳ್ತೀನಿ ಅಂತೀನಿ. ಆಕ್ಸಿಡೆಂಟ್ ಸಣ್ಣದೋ ದೊಡ್ಡದೋ ಎಂಬುದು ಮಾರುವವರ ಮಾತಿನಿಂದ ಗೊತ್ತಾಗುವುದಿಲ್ಲ. ಖರ್ಚಾದ ದುಡ್ಡಿನಿಂದಲೂ ಗೊತ್ತಾಗುವುದಿಲ್ಲ. ಪೆಟ್ಟು ಯಾವ ಭಾಗದವರೆಗೆ ಹೋಗಿದೆ ಎಂಬುದೇ ಮುಖ್ಯ. ಅದು ಬಿಲ್‌ನಲ್ಲಿ ಇರುತ್ತದೆ.

ನಮ್ಮಲ್ಲಿ ಈ ವಿವರ ಒಂದೇ ಕಡೆ ಸಿಗುವುದಿಲ್ಲ. ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಕಾರಿನ ನಂಬರ್ ಹಾಕಿದರೆ ನೋಂದಣಿ ತಾರೀಖು, ಇನ್ಶೂರೆನ್ಸ್ ಅವಧಿ, ಆರ್‌ಸಿ ಸ್ಥಿತಿ ಕಾಣುತ್ತದೆ. ಆಕ್ಸಿಡೆಂಟ್ ಕಾಣುವುದಿಲ್ಲ. ಅದಕ್ಕೆ ಎರಡು ದಾರಿ ಇವೆ. ಒಂದು, ಕಂಪನಿ ಸರ್ವಿಸ್ ಸೆಂಟರ್‌ನ ಹಿಸ್ಟರಿ. ಮಾಲೀಕರೇ ಜೊತೆಗೆ ಬಂದು ಕೇಳಿದರೆ ಸುಲಭವಾಗಿ ಸಿಗುತ್ತದೆ. ಅದರಲ್ಲಿ ಬಾಡಿ ರಿಪೇರಿ ಎಂದು ಬರೆದ ಸಾಲುಗಳನ್ನು ಗುರುತು ಮಾಡಿಕೊಳ್ಳಿ.

ಇನ್ನೊಂದು, ಹಳೇ ಪಾಲಿಸಿಗಳು. ಹಿಂದಿನ ಮೂರು ವರ್ಷದ್ದನ್ನಾದರೂ ಕೇಳಿ ನೋಡಿ. ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್ ಎಂಬ ಒಂದು ಸಾಲು ಇರುತ್ತದೆ, ಅಂದರೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ. ಕ್ಲೇಮ್ ಮಾಡದಿದ್ದರೆ ಅದು ವರ್ಷದಿಂದ ವರ್ಷಕ್ಕೆ 20, 25, 35, 45, 50 ಪರ್ಸೆಂಟ್ ಹೀಗೆ ಏರುತ್ತದೆ. 35 ಇದ್ದದ್ದು ಮುಂದಿನ ವರ್ಷ ಸೊನ್ನೆಯಾಗಿದ್ದರೆ ನಡುವೆ ಕ್ಲೇಮ್ ಆಗಿರುವ ಸಾಧ್ಯತೆ ಜಾಸ್ತಿ. ಮಾಲೀಕರು ಬದಲಾದಾಗಲೂ ಇದು ಸೊನ್ನೆಯಾಗುತ್ತದೆ, ಏಕೆಂದರೆ ಬೋನಸ್ ಕಾರಿನದ್ದಲ್ಲ, ಮಾಲೀಕರದ್ದು. ಬೋನಸ್ ಉಳಿಸಿಕೊಳ್ಳುವ ಆ್ಯಡ್-ಆನ್ ತೆಗೆದುಕೊಂಡವರಿಗೆ ಕ್ಲೇಮ್ ಆದರೂ ಇಳಿಯುವುದಿಲ್ಲ. ಇದೇ ವರ್ಷ ಆದ ಕ್ಲೇಮ್ ರಿನ್ಯೂವಲ್‌ವರೆಗೆ ಕಾಣುವುದಿಲ್ಲ. ಅದಕ್ಕೇ ಪಾಲಿಸಿ ಮತ್ತು ಸರ್ವಿಸ್ ಹಿಸ್ಟರಿ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಬೇಕು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಏನೂ ದಾಖಲೆ ಇಲ್ಲದ ಕಾರನ್ನು ಕಂಡು ಜನ ಖುಷಿಪಡುತ್ತಾರೆ. ನನಗೆ ಅದೇ ಜಾಸ್ತಿ ಅನುಮಾನ. ಹೊರಗಿನ ಗ್ಯಾರೇಜಿನಲ್ಲಿ ಕೈಯಿಂದ ದುಡ್ಡು ಕೊಟ್ಟು ಮಾಡಿಸಿದ ರಿಪೇರಿ ಎಲ್ಲೂ ದಾಖಲಾಗುವುದಿಲ್ಲ. ಕ್ಲೇಮ್ ಆಗಿ, ಬಿಲ್ ಕೈಗೆ ಸಿಗುವ ಕಾರಿನಲ್ಲಿ ಏನಾಗಿದೆ ಎಂದಾದರೂ ಗೊತ್ತಿರುತ್ತದೆ, ಅಲ್ವಾ?

ಈಗ ಬಿಲ್ ಓದುವುದು ಹೇಗೆ ನೋಡೋಣ. "ನಾನು ಕಟ್ಟಿದ್ದು ನಾಲ್ಕೇ ಸಾವಿರ" ಎಂದು ಮಾರುವವರು ಹೇಳಿದರೆ ಅದು ನಿಜವೇ ಇರಬಹುದು. ಝೀರೋ ಡೆಪ್ ಪಾಲಿಸಿ, ಅಂದರೆ ಪಾರ್ಟ್ಸ್ ಹಳೆಯದಾಯಿತೆಂದು ದುಡ್ಡು ಕಡಿತ ಮಾಡದ ಪಾಲಿಸಿ, ಇದ್ದರೆ ಮಾಲೀಕರ ಪಾಲು ಅಷ್ಟೇ ಬರುತ್ತದೆ. 1500 ಸಿಸಿವರೆಗಿನ ಕಾರಿಗೆ ಕಡ್ಡಾಯ ಕಡಿತ 1000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2000, ಜೊತೆಗೆ ಸಣ್ಣಪುಟ್ಟ ಖರ್ಚು. ಆದರೆ ಇನ್ಶೂರೆನ್ಸ್ ಕಂಪನಿ ಕಟ್ಟಿದ್ದು 80 ಸಾವಿರ ಇರಬಹುದು. ಹಾಗಾಗಿ ಕಾರು ಬಿಡಿಸಿಕೊಳ್ಳುವಾಗ ಕೊಡುವ ಗೇಟ್ ಪಾಸ್ ರಸೀದಿ ಸಾಲದು. ಪಾರ್ಟ್ಸ್ ಮತ್ತು ಲೇಬರ್ ಎರಡೂ ಇರುವ ಪೂರ್ತಿ ಬಿಲ್ ಬೇಕು.

ಪೂರ್ತಿ ಮೊತ್ತ ನೋಡಿ ಗಾಬರಿಯಾಗಲೂ ಬೇಡಿ. ಈಗಿನ ಎಲ್‌ಇಡಿ ಹೆಡ್‌ಲೈಟ್ ಒಂದೇ ಬಿಲ್ಲನ್ನು ಎಲ್ಲಿಗೋ ಏರಿಸುತ್ತದೆ. ಬಂಪರ್, ಗ್ರಿಲ್, ಹೆಡ್‌ಲೈಟ್, ಬಾನೆಟ್, ಮುಂದಿನ ಫೆಂಡರ್, ಬಾಗಿಲು, ಡಿಕ್ಕಿ ಬಾಗಿಲು ಇವೆಲ್ಲ ಸಾಮಾನ್ಯವಾಗಿ ಬೋಲ್ಟ್ ಬಿಚ್ಚಿ ಬದಲಾಯಿಸುವ ಭಾಗಗಳು. ಇವು ಹೊಸದಾದರೆ ಕಾರಿನ ಬಲಕ್ಕೆ ಏನೂ ಆಗುವುದಿಲ್ಲ. ಎಸಿ ಕಂಡೆನ್ಸರ್, ರೇಡಿಯೇಟರ್ ಬದಲಾಗಿದ್ದರೆ ಪೆಟ್ಟು ಬಂಪರ್ ದಾಟಿ ಒಳಗೆ ಹೋಗಿದೆ ಎಂದರ್ಥ. ಅಲ್ಲಿಗೇ ನಿಂತಿತೋ ಮುಂದಕ್ಕೆ ಹೋಯಿತೋ ಎಂದು ಪತ್ತೆ ಮಾಡಬೇಕು.

ಅದಕ್ಕೆ ಲೇಬರ್ ಪುಟಕ್ಕೆ ಬನ್ನಿ. ಬಹಳ ಜನ ಈ ಪುಟ ತಿರುಗಿಸುವುದೇ ಇಲ್ಲ. ಬಾಗಿದ ಚಾಸಿಯನ್ನು, ಅಂದರೆ ಕಾರಿನ ಮೂಲ ಚೌಕಟ್ಟನ್ನು, ಎಳೆದು ನೇರ ಮಾಡಿದರೆ ಯಾವ ಹೊಸ ಪಾರ್ಟೂ ಬರುವುದಿಲ್ಲ. ಪಾರ್ಟ್ಸ್ ಪಟ್ಟಿಯಲ್ಲಿ ಅದರ ಸುಳಿವೇ ಇರುವುದಿಲ್ಲ. ಲೇಬರ್‌ನಲ್ಲಿ ಮಾತ್ರ "ಪುಲ್ಲಿಂಗ್", "ಚಾಸಿ ಅಲೈನ್‌ಮೆಂಟ್", "ಏಪ್ರನ್ ರಿಪೇರಿ" (ಏಪ್ರನ್ ಅಂದರೆ ಬಾನೆಟ್ ಕೆಳಗೆ ಚಕ್ರದ ಮೇಲಿರುವ ತಗಡು), "ಕಟ್ ಆಂಡ್ ವೆಲ್ಡ್" ಎಂಬ ಒಂದು ಸಾಲು ಇರುತ್ತದೆ. ಆ ಸಾಲಿನ ದುಡ್ಡು ಹೆಡ್‌ಲೈಟಿಗಿಂತ ಕಡಿಮೆ ಇರಬಹುದು. ಕಾರಿನ ಮಟ್ಟಿಗೆ ಬಿಲ್‌ನಲ್ಲಿರುವ ಅತಿ ದೊಡ್ಡ ವಿಷಯ ಮಾತ್ರ ಅದೇ. ಆ ಸಾಲು ಕಂಡರೆ, ಪಿಲ್ಲರ್ (ಛಾವಣಿ ಹೊರುವ ಕಂಬ) ಅಥವಾ ಚಾಸಿ ಲೆಗ್‌ಗೆ (ಮುಂದಕ್ಕೆ ಚಾಚಿದ ಚೌಕಟ್ಟಿನ ತೊಲೆ) ವೆಲ್ಡಿಂಗ್ ಆಗಿದ್ದರೆ, ಏರ್‌ಬ್ಯಾಗ್ ತೆರೆದುಕೊಂಡಿದ್ದರೆ, ಆ ಕಾರು ಬಿಟ್ಟುಬಿಡಿ ಎನ್ನುತ್ತೇನೆ. ಬೆಲೆ ಎಷ್ಟೇ ಇಳಿಸಿದರೂ ಅಷ್ಟೇ. ಮುಂದಿನ ಪೆಟ್ಟಿಗೆ ನಿಮ್ಮ ಮನೆಯವರನ್ನು ಕಾಯಬೇಕಾದ ಭಾಗಗಳು ಅವು.

ನನ್ನ ಅಕ್ಕನ ಮಗ ದಾವಣಗೆರೆಯಲ್ಲಿ 2018ರ ಪೆಟ್ರೋಲ್ ಸ್ವಿಫ್ಟ್ ನೋಡಿದ್ದ. "ಮಾವ, ಬಂಪರ್ ಟಚ್ ಅಷ್ಟೇ ಅಂತಿದ್ದಾರೆ" ಎಂದ. ಬಿಲ್ ಕಳಿಸಿದ. ಬಂಪರ್, ಬಲಗಡೆ ಹೆಡ್‌ಲೈಟ್, ಬಲಗಡೆ ಫೆಂಡರ್, ಕಂಡೆನ್ಸರ್ ಹೊಸದು. ಬಾನೆಟ್‌ಗೆ ಡೆಂಟಿಂಗ್, ಪೇಂಟಿಂಗ್. ಲೇಬರ್‌ನಲ್ಲಿ ಎಳೆದ ಕೆಲಸ ಇರಲಿಲ್ಲ. ಬಂಪರ್ ಟಚ್‌ಗಿಂತ ಸ್ವಲ್ಪ ಜಾಸ್ತಿಯೇ ಆಗಿತ್ತು, ಆದರೂ ಹೋಗಿ ನೋಡುವಂಥ ಕಾರು ಎಂದು ಹೇಳಿದೆ.

ಹೋಗಿ ನೋಡುವಾಗ ಬೆಳಗಿನ ಬೆಳಕಿನಲ್ಲಿ ನೋಡಿ. ಆಗಷ್ಟೇ ತೊಳೆದು ಒದ್ದೆ ಇರುವ ಕಾರಿನಲ್ಲಿ ಪೇಂಟ್ ವ್ಯತ್ಯಾಸ ಗೊತ್ತಾಗುವುದಿಲ್ಲ. ಬಾನೆಟ್ ಎತ್ತಿ ಫೆಂಡರ್ ಬೋಲ್ಟ್‌ಗಳ ತಲೆ ನೋಡಿ. ಸ್ಪ್ಯಾನರ್ ತಾಗಿದ್ದರೆ ಅಂಚಿನ ಪೇಂಟ್ ಕಿತ್ತಿರುತ್ತದೆ. ಬಿಲ್‌ನಲ್ಲಿ ಬಲಗಡೆ ಫೆಂಡರ್ ಇದ್ದು, ಎಡಗಡೆ ಬೋಲ್ಟ್‌ಗಳೂ ಕಿತ್ತಿದ್ದರೆ, ಬಿಲ್‌ನಲ್ಲಿ ಇಲ್ಲದ ಇನ್ನೊಂದು ಕಥೆ ಇದೆ. ಕೇಳಿ. ಎರಡೂ ಕಡೆಯ ಏಪ್ರನ್ ಒಂದೇ ರೀತಿ ಇರಬೇಕು. ಕಂಪನಿಯ ಸ್ಪಾಟ್ ವೆಲ್ಡ್ ಗುರುತುಗಳು ಸಮ ದೂರದಲ್ಲಿ ಸಣ್ಣ ಗುಂಡಗಿನ ಗುಳಿಗಳ ಹಾಗೆ ಕಾಣುತ್ತವೆ. ಒಂದು ಕಡೆ ಅವು ಮಾಯವಾಗಿ ಒರಟು ವೆಲ್ಡಿಂಗ್, ಹೊಸ ಸೀಲೆಂಟ್ ಕಂಡರೆ ಅಲ್ಲಿಂದ ಹೊರಡಬಹುದು. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ನೆಲದ ತಗಡನ್ನೂ ನೋಡಿ. ಹಿಂದಿನಿಂದ ಬಿದ್ದ ಪೆಟ್ಟು ಅಲ್ಲಿ ಸುಕ್ಕು ಬಿಟ್ಟಿರುತ್ತದೆ.

ಪೇಂಟ್ ಅಳೆಯುವ ಮೀಟರ್ ಇರುವವರು ಸಿಕ್ಕರೆ ಒಳ್ಳೆಯದು. ಕಂಪನಿ ಪೇಂಟ್ ಸಾಮಾನ್ಯವಾಗಿ 80ರಿಂದ 150 ಮೈಕ್ರಾನ್ ದಪ್ಪ. ಮತ್ತೆ ಬಳಿದಿದ್ದರೆ ಅದಕ್ಕಿಂತ ಜಾಸ್ತಿ ಬರುತ್ತದೆ. ಒಳಗೆ ಪುಟ್ಟಿ ಇದ್ದರೆ 500 ದಾಟಿ ಸಾವಿರದವರೆಗೂ ಹೋಗುತ್ತದೆ. ಬಂಪರ್ ಪ್ಲಾಸ್ಟಿಕ್, ಅಲ್ಲಿ ಈ ಮೀಟರ್ ಕೆಲಸ ಮಾಡುವುದಿಲ್ಲ.

ಕೀ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹತ್ತಿ, ಕೆಲವು ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ತೊಂದರೆ. ಹತ್ತಲೇ ಇಲ್ಲ ಎಂದರೆ ಇನ್ನೂ ದೊಡ್ಡ ತೊಂದರೆ, ಯಾರೋ ದೀಪವನ್ನೇ ಕಟ್ ಮಾಡಿರಬಹುದು. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆ ಎಳೆಯಿರಿ. ಕೊನೆಯ ಭಾಗದಲ್ಲಿ ಕೆಸರಿನ ಕಲೆ ಇದ್ದರೆ ಕಾರು ನೀರಿನಲ್ಲಿ ನಿಂತಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಯಮಲೂರು ಕಡೆ ಎಷ್ಟು ಕಾರು ಮುಳುಗಿದ್ದವು ನೆನಪಿದೆಯಲ್ಲ. ಬೆಂಗಳೂರಿನ ಕಾರಿಗೆ ಆ ದಿನಗಳ ಆಸುಪಾಸಿನಲ್ಲಿ ದೊಡ್ಡ ಕ್ಲೇಮ್ ಇದ್ದರೆ ಅದು ಆಕ್ಸಿಡೆಂಟೇ ಎಂದು ನಂಬಿ ಕೂರಬೇಡಿ.

ಆಮೇಲೆ ಓಡಿಸಿ ನೋಡುವುದು, ಬ್ರೇಕ್ ಹಾಕಿದಾಗ ಒಂದು ಕಡೆ ಎಳೆಯುತ್ತದಾ ಎಂದು ಗಮನಿಸುವುದು ಎಲ್ಲರಿಗೂ ಗೊತ್ತು. ನಾನು ಅದರ ಜೊತೆಗೆ ತಪ್ಪದೆ ಹೇಳುವುದು ಕಂಪ್ಯೂಟರ್ ವೀಲ್ ಅಲೈನ್‌ಮೆಂಟ್. ಕೆಲವು ನೂರು ರೂಪಾಯಿ ಖರ್ಚಷ್ಟೇ. ಅಲೈನ್‌ಮೆಂಟ್ ಮಾಡುವ ಮೊದಲಿನ ಅಂಕಿಗಳ ಪ್ರಿಂಟ್ ತೆಗೆದುಕೊಳ್ಳಿ. ನಮ್ಮ ಬಹಳಷ್ಟು ಸಣ್ಣ ಕಾರುಗಳಲ್ಲಿ ಮುಂದಿನ ಚಕ್ರದ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಗೋ ಹೊರಗೋ ತಿರುಗಿರುವ ಕೋನ) ಮಾತ್ರ ಹೊಂದಿಸಲು ಬರುತ್ತದೆ. ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲಿಕೆ), ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಸ್ಟೀರಿಂಗ್ ಅಕ್ಷದ ವಾಲಿಕೆ) ಸುಮ್ನೆ ಬದಲಾಗುವುದಿಲ್ಲ. ಎಡ, ಬಲ ಅಂಕಿಗಳಲ್ಲಿ ಮಿತಿ ಮೀರಿದ ವ್ಯತ್ಯಾಸ ಇದ್ದರೆ ಒಳಗೆ ಏನೋ ಬಾಗಿದೆ. ಚಕ್ರವನ್ನು ಹಿಡಿದಿಡುವ ಕೆಳಗಿನ ಆರ್ಮ್ ಆಗಿದ್ದರೆ ಬದಲಾಯಿಸಬಹುದು. ಬಾಡಿಯೇ ಸರಿದಿದ್ದರೆ ಆಗುವುದಿಲ್ಲ. ನಮ್ಮ ಹುಡುಗನ ಸ್ವಿಫ್ಟ್‌ನಲ್ಲಿ ಟೋ ಸ್ವಲ್ಪ ಆಚೀಚೆ ಇತ್ತು, ಉಳಿದದ್ದು ಸರಿಯಾಗಿತ್ತು.

ಬೆಲೆ ಎಷ್ಟು ಇಳಿಸಬೇಕು? ಬೋಲ್ಟ್ ಭಾಗಗಳಷ್ಟೇ ಬದಲಾಗಿ, ಬಿಲ್ ಪಕ್ಕಾ ಇದ್ದರೆ, ಅದೇ ವರ್ಷದ, ಅಷ್ಟೇ ಓಡಿದ ಕಾರಿನ ಬೆಲೆಗಿಂತ 5ರಿಂದ 10 ಪರ್ಸೆಂಟ್ ಕಡಿಮೆ ಕೇಳಿ. ಇದು ನನ್ನ ಲೆಕ್ಕ. ನೀವು ಮುಂದೆ ಮಾರುವಾಗ ನಿಮ್ಮನ್ನೂ ಇದೇ ಪ್ರಶ್ನೆ ಕೇಳುತ್ತಾರೆ, ಹಾಗಾಗಿ ಸಂಕೋಚ ಬೇಡ. ವಿಷಯ ಮೊದಲೇ ಬಿಚ್ಚಿ ಹೇಳಿ ಬಿಲ್ ಕೊಟ್ಟವರ ಹತ್ತಿರ ಮಾತ್ರ ಗಟ್ಟಿ ಚೌಕಾಸಿ ಮಾಡಬೇಡಿ. ಅಂಥವರ ಕಾರು ಸಿಗುವುದೇ ಅಪರೂಪ.

ದುಡ್ಡು ಕೊಡುವ ಮುಂಚೆ ಆ ಆಕ್ಸಿಡೆಂಟ್‌ನಲ್ಲಿ ಯಾರಿಗಾದರೂ ಏಟಾಗಿತ್ತಾ, ಪೊಲೀಸ್ ಕೇಸ್ ಇದೆಯಾ ಎಂದು ನೇರವಾಗಿ ಕೇಳಿ. ಇಲ್ಲ ಎಂದರೆ ಮಾರಾಟದ ಕರಾರಿನಲ್ಲಿ ಅದನ್ನು ಬರೆಸಿ. ಬಾಕಿ ಇರುವ ಟ್ರಾಫಿಕ್ ದಂಡವನ್ನೂ ನೋಡಿಕೊಳ್ಳಿ. ಚಾಸಿ ನಂಬರ್ ಆರ್‌ಸಿಗೆ ತಾಳೆಯಾಗಬೇಕು. ಮಾಲೀಕತ್ವ ಬದಲಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿಸಿಕೊಳ್ಳಿ, ಸಾಲ ಇದ್ದ ಕಾರಾದರೆ ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರಂ 35 ಮತ್ತು ಬ್ಯಾಂಕಿನ ಎನ್‌ಒಸಿ ಬೇಕು.

ಇನ್ಶೂರೆನ್ಸ್ ವಿಷಯದಲ್ಲಿ ತಡ ಮಾಡಲೇಬೇಡಿ. ಥರ್ಡ್ ಪಾರ್ಟಿ ರಕ್ಷಣೆ ಕಾರಿನ ಜೊತೆ ನಿಮಗೆ ಬರುತ್ತದೆ. ನಿಮ್ಮ ಕಾರಿಗೆ ಆಗುವ ಹಾನಿಯ ರಕ್ಷಣೆ ಹಾಗಲ್ಲ, ಪಾಲಿಸಿ ನಿಮ್ಮ ಹೆಸರಿಗೆ ಬದಲಾಗಬೇಕು. ಮಾರಾಟವಾದ 14 ದಿನದೊಳಗೆ ಅರ್ಜಿ ಕೊಡಬೇಕು. ಹಳೇ ಮಾಲೀಕರ ಬೋನಸ್ ಇದ್ದರೆ ಉಳಿದ ಅವಧಿಗೆ ಆ ವ್ಯತ್ಯಾಸದ ದುಡ್ಡನ್ನು ನೀವು ಕಟ್ಟಬೇಕಾಗುತ್ತದೆ. ಕಂಪನಿಯವರು ಕಾರು ನೋಡಬೇಕು ಎಂದರೆ ನಾಲ್ಕೂ ಕಡೆಯಿಂದ ಫೋಟೊ ತೆಗೆಸಿ, ಹಳೇ ಗೀರುಗಳನ್ನೂ ತೋರಿಸಿ, ರಿಪೇರಿ ಬಿಲ್‌ನ ಒಂದು ಪ್ರತಿಯನ್ನು ಆ ಫೈಲಿಗೇ ಸೇರಿಸಿಡಿ.